ಮಾಯಾಲೋಕಕ್ಕೂ ಪಂಚಾಂಗ ಬೇಕು

ಹತ್ತರಿಂದ ಹದಿನಾಲ್ಕರ ನಡುವಿನ ಮಕ್ಕಳು ಸಾಹಸದ ಕಾದಂಬರಿಯನ್ನೋ ಮಾಯಾಲೋಕದ ಕಾದಂಬರಿಯನ್ನೋ ಹಿಡಿದು ಕೂತರೆ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಮೊಬೈಲ್ ಹಿಡಿದಿಲ್ಲವಲ್ಲ, ಅಷ್ಟೇ ಸಾಕು’ ಎನ್ನುವುದು ಒಂದು. ‘ಪಾಠದ ಪುಸ್ತಕ ಬಿಟ್ಟು ಅದೇನು ಕಾಗಕ್ಕ ಗುಬ್ಬಕ್ಕನ ಕಥೆ’ ಎನ್ನುವುದು ಇನ್ನೊಂದು. ಪುಸ್ತಕದ ಒಳಗೆ ಏನಿದೆ ಎಂಬ ಕುತೂಹಲ ಎರಡರಲ್ಲೂ ಇಲ್ಲ. ಓದಿದ ಮಗುವಿನ ಅಭಿಪ್ರಾಯವನ್ನಂತೂ ಕೇಳುವವರೇ ಇಲ್ಲ. ಸಾಗರದಲ್ಲಿರುವ ನನ್ನ ಅಕ್ಕನ ಮಗಳು ಏಳನೇ ತರಗತಿಯವಳು, ಇಂಥ ಪುಸ್ತಕ ಸಿಕ್ಕರೆ ಊಟ ಮರೆಯುವವಳು. ಅವಳು ಓದಿದ್ದನ್ನು ನಾನೂ ಓದುತ್ತಾ, ಅವಳ ಜೊತೆ ವಾದ ಮಾಡುತ್ತಾ ಬಂದಂತೆ ನನಗೆ ಒಂದು ವಿಷಯ ಖಚಿತವಾಗಿದೆ. ಈ ಪುಸ್ತಕಗಳ ಬಗ್ಗೆ ದೊಡ್ಡವರು ನಂಬಿಕೊಂಡಿರುವುದರಲ್ಲಿ ಬಹುಪಾಲು ತಪ್ಪು. ನಾವು ದಿನಪತ್ರಿಕೆ ಓದುವುದಕ್ಕಿಂತ ಕಟ್ಟುನಿಟ್ಟಾಗಿ ಮಕ್ಕಳು ಇವನ್ನು ಓದುತ್ತಾರೆ.

ತಪ್ಪು ಕಲ್ಪನೆ: ಮಕ್ಕಳಿಗೆ ಯಾವ ಪುಸ್ತಕ ಒಳ್ಳೆಯದೆಂದು ದೊಡ್ಡವರಿಗೇ ಗೊತ್ತು.

ವಾಸ್ತವ: 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್‌ವಿನ್ ಅವರ ಕೈಗೆ ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕರೊಬ್ಬರ ಹಸ್ತಪ್ರತಿ ಬಂತು. ಮಕ್ಕಳ ಪುಸ್ತಕಕ್ಕೆ ಮಕ್ಕಳೇ ಸರಿಯಾದ ಪರೀಕ್ಷಕರು ಎಂಬುದು ಅವರ ನಂಬಿಕೆ. ಹಾಗಾಗಿ ಹತ್ತು ವರ್ಷದ ಮಗ ರೇನರ್‌ಗೆ ಅದನ್ನು ಓದಲು ಕೊಟ್ಟು ವರದಿ ಬರೆಯಲು ಹೇಳಿದರು. ಸಂಭಾವನೆ ಒಂದು ಶಿಲಿಂಗ್. ಹುಡುಗ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಪುಸ್ತಕ ಚೆನ್ನಾಗಿದೆ, ನಕಾಶೆಗಳಿದ್ದರೆ ಬೇರೆ ಚಿತ್ರ ಬೇಕಾಗಿಲ್ಲ, ಐದರಿಂದ ಒಂಬತ್ತು ವರ್ಷದವರಿಗೆ ಹಿಡಿಸುತ್ತದೆ ಎಂದು ಬರೆದುಕೊಟ್ಟ. ತನಗಿಂತ ಚಿಕ್ಕವರಿಗೆ ಅದನ್ನು ಶಿಫಾರಸು ಮಾಡಿದ ಆ ಹತ್ತರ ಹುಡುಗನ ಗತ್ತು ನನಗೆ ಬಹಳ ಇಷ್ಟ. ಪ್ರಾಧ್ಯಾಪಕರ ಹೆಸರು ಟೋಲ್ಕಿನ್. 1937ರ ಸೆಪ್ಟೆಂಬರ್ 21ರಂದು ಹೊರಬಂದ ಆ ಪುಸ್ತಕ ‘ದಿ ಹಾಬಿಟ್’.

ರೇನರ್ ದೊಡ್ಡವರಾಗಿ ತಂದೆಯ ಸಂಸ್ಥೆಗೇ ಸೇರಿದರು. ಟೋಲ್ಕಿನ್ನರ ಮುಂದಿನ ಪುಸ್ತಕದ ಭಾರೀ ಹಸ್ತಪ್ರತಿ ಬಂದಾಗ ಲೆಕ್ಕ ಹಾಕಿ ನೋಡಿದರೆ ಸಾವಿರ ಪೌಂಡಿನವರೆಗೆ ನಷ್ಟವಾಗುವ ಸಂಭವವಿತ್ತು. ಆದರೂ ಅದನ್ನು ಬಿಡಬಾರದೆಂದು ಪಟ್ಟು ಹಿಡಿದವರು ಅವರೇ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಲ್ಲಿ ಬಂತು.

ಹ್ಯಾರಿ ಪಾಟರ್ ವಿಷಯದಲ್ಲೂ ಹೆಚ್ಚುಕಡಿಮೆ ಹೀಗೇ ಆಯಿತು. ಅನುಭವಿ ಸಂಪಾದಕರಿದ್ದ ಹಲವು ಪ್ರಕಾಶನ ಸಂಸ್ಥೆಗಳು ಹಸ್ತಪ್ರತಿಯನ್ನು ವಾಪಸು ಕಳಿಸಿದ್ದವು. ಬ್ಲೂಮ್ಸ್‌ಬರಿಯ ಮುಖ್ಯಸ್ಥರು ಅದರ ಮೊದಲ ಅಧ್ಯಾಯವನ್ನು ತಮ್ಮ ಎಂಟು ವರ್ಷದ ಮಗಳಿಗೆ ಕೊಟ್ಟರು. ಓದಿ ಮುಗಿಸಿದವಳೇ ಮುಂದಿನ ಪುಟಗಳಿಗಾಗಿ ಬೆನ್ನುಬಿದ್ದಳು. 1997ರ ಜೂನ್‌ನಲ್ಲಿ ಪುಸ್ತಕ ಬಂದಾಗ ಗಟ್ಟಿರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ದೊಡ್ಡವರ ಅಂದಾಜು ಅಷ್ಟೇ ಇತ್ತು.

ನಮ್ಮಲ್ಲಿ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವ ಪಟ್ಟಿಯನ್ನು ಮಾಡುವವರು ಮೇಷ್ಟ್ರುಗಳು, ಅಧಿಕಾರಿಗಳು, ಕೆಲವು ಕಡೆ ಮಾರಾಟಗಾರರು. ಆರನೇ ತರಗತಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ‘ಇದರಲ್ಲಿ ಯಾವುದು ಬೇಕು, ಯಾವುದು ಬೇಡ, ಯಾಕೆ?’ ಎಂದು ಕೇಳಲು ಅರ್ಧ ದಿನ ಸಾಕು. ಅದಕ್ಕೆ ಸರ್ಕಾರಿ ಆದೇಶವೂ ಬೇಕಾಗಿಲ್ಲ.

ತಪ್ಪು ಕಲ್ಪನೆ: ಮಾಯಾಲೋಕದಲ್ಲಿ ಏನು ಬೇಕಾದರೂ ನಡೆಯುತ್ತದೆ, ಆದ್ದರಿಂದ ಅಂಥದ್ದನ್ನು ಬರೆಯುವುದು ಸುಲಭ.

ವಾಸ್ತವ: ಎಲ್ಲಕ್ಕಿಂತ ಆಳಕ್ಕೆ ಬೇರು ಬಿಟ್ಟಿರುವ ತಪ್ಪು ಇದು. ಒಮ್ಮೆ ನನ್ನ ಅಕ್ಕನ ಮಗಳು ಒಂದು ಪುಸ್ತಕವನ್ನು ತಂದು ನನ್ನ ಮುಂದೆ ಬಿಡಿಸಿಟ್ಟಳು. ಎರಡು ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗೆರೆ ಇತ್ತು. ಒಂದು ಕಡೆ ಅಮಾವಾಸ್ಯೆಯ ಕತ್ತಲಲ್ಲಿ ಮಕ್ಕಳು ಕೋಟೆಯಿಂದ ತಪ್ಪಿಸಿಕೊಳ್ಳುತ್ತಾರೆ. ಇನ್ನೊಂದು ಕಡೆ ಹುಣ್ಣಿಮೆಯ ಬೆಳಕಿನಲ್ಲಿ ಹೊಳೆ ದಾಟುತ್ತಾರೆ. ನಡುವೆ ಕಳೆದದ್ದು ನಾಲ್ಕೇ ದಿನ. ‘ಚಿಕ್ಕಿ, ಹಾರುವ ಕುದುರೆ ಇರಲಿ, ನಂಬ್ತೀನಿ. ಆದ್ರೆ ಇದನ್ನ ಹೆಂಗೆ ನಂಬೋದು?’ ಎಂದಳು. ಆ ಲೋಕದಲ್ಲಿ ಚಂದ್ರ ಬೇಗ ಬೆಳೆಯುತ್ತಾನೆ ಅಂದುಕೊಳ್ಳಬಹುದಲ್ಲ ಎಂದು ನಾನು ಲೇಖಕರ ಪರ ನಿಂತೆ. ‘ಹಾಗಿದ್ರೆ ಮೊದಲೇ ಹೇಳಬೇಕಿತ್ತು’ ಎಂದು ಪುಸ್ತಕ ಮುಚ್ಚಿದಳು.

ಹಾರುವ ಕುದುರೆಯನ್ನು ಒಪ್ಪುವ ಮನಸ್ಸು ನಾಲ್ಕು ದಿನದ ಹುಣ್ಣಿಮೆಯನ್ನು ಒಪ್ಪುವುದಿಲ್ಲ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಲೇಖಕರು ಮೊದಲ ಪುಟಗಳಲ್ಲಿ ಓದುವ ಮಗುವಿನ ಜೊತೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ: ಈ ಲೋಕದಲ್ಲಿ ಇಂತಿಂಥದ್ದು ಸಾಧ್ಯ, ಇಂತಿಂಥದ್ದು ಅಸಾಧ್ಯ. ಮಗು ಆ ಒಪ್ಪಂದಕ್ಕೆ ಕೊನೆಯ ಪುಟದವರೆಗೂ ಬದ್ಧವಾಗಿರುತ್ತದೆ. ಲೇಖಕರೂ ಇರಬೇಕು ಎನ್ನುವುದಷ್ಟೇ ಅದರ ಬೇಡಿಕೆ.

ಇದನ್ನು ಚೆನ್ನಾಗಿ ಅರಿತಿದ್ದವರು ರಾಬರ್ಟ್ ಲೂಯಿ ಸ್ಟೀವನ್‌ಸನ್. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ ಮಳೆ ಹಿಡಿದು ಮನೆಯಲ್ಲೇ ಕೂರಬೇಕಾಗಿ ಬಂದಾಗ, ಮಲಮಗ ಲಾಯ್ಡ್ ಜೊತೆ ಬಣ್ಣದಾಟ ಆಡುತ್ತಾ ಅವರು ಒಂದು ದ್ವೀಪದ ನಕಾಶೆ ಬರೆದರು. ‘ಟ್ರೆಷರ್ ಐಲೆಂಡ್’ ಹುಟ್ಟಿದ್ದು ಆ ನಕಾಶೆಯಿಂದ. ನಕಾಶೆ ಮೊದಲು, ಕಥೆ ಆಮೇಲೆ. 1883ರಲ್ಲಿ ಅದು ಪುಸ್ತಕವಾಗುವ ಹೊತ್ತಿಗೆ ಪ್ರಕಾಶಕರಿಗೆ ಕಳಿಸಿದ ಮೂಲ ನಕಾಶೆ ಕಳೆದುಹೋಯಿತು. ಆಗ ಸ್ಟೀವನ್‌ಸನ್ ಇಡೀ ಪುಸ್ತಕವನ್ನು ಮತ್ತೆ ಓದಿ, ಗುಡ್ಡ, ಕೊಲ್ಲಿ, ದೂರ, ದಿಕ್ಕುಗಳ ಉಲ್ಲೇಖವನ್ನೆಲ್ಲ ಪಟ್ಟಿ ಮಾಡಿ, ಅದಕ್ಕೆ ತಾಳೆಯಾಗುವಂತೆ ಹೊಸ ನಕಾಶೆ ಬರೆಯಬೇಕಾಯಿತು. ಮೊದಲನೆಯದು ಆಟವಾಗಿತ್ತು, ಎರಡನೆಯದು ಹಿಂಸೆಯಾಯಿತು ಎಂಬ ಅರ್ಥದಲ್ಲಿ ಅವರೇ ಮುಂದೆ ಬರೆದುಕೊಂಡಿದ್ದಾರೆ. ಕಥೆ ಬರೆಯುವವನು ತನ್ನ ನೆಲವನ್ನು ಅಂಗೈಯಷ್ಟೇ ಚೆನ್ನಾಗಿ ತಿಳಿದಿರಬೇಕು, ಸೂರ್ಯ ಚಂದ್ರರ ವಿಷಯದಲ್ಲಿ ಎಡವದಂತೆ ಪಂಚಾಂಗ ಇಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ನನ್ನ ಅಕ್ಕನ ಮಗಳು ಅದನ್ನು ಓದಿಲ್ಲ. ಅವಳ ದೂರೂ ಅದೇ.

ಮಂತ್ರವಿದ್ಯೆಗೂ ಹೀಗೇ ಲೆಕ್ಕವಿದೆ. ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಜಾರ್ಡ್ ಆಫ್ ಅರ್ಥ್‌ಸೀ’ 1968ರದ್ದು. ಅಲ್ಲಿಯ ದ್ವೀಪಗಳಲ್ಲಿ ಯಾವುದರ ಮೇಲಾದರೂ ಮಂತ್ರ ಹಾಕಬೇಕೆಂದರೆ ಅದರ ನಿಜವಾದ ಹೆಸರು ಗೊತ್ತಿರಬೇಕು. ಒಂದು ದ್ವೀಪದಲ್ಲಿ ಮಳೆ ಬರಿಸಿದರೆ ಇನ್ನೊಂದರಲ್ಲಿ ಬರ ಬೀಳಬಹುದು. ಗೆಡ್ ಎಂಬ ಹುಡುಗ ಜಂಬಕ್ಕೆ ಬಿದ್ದು, ಸಹಪಾಠಿಯ ಎದುರು ತನ್ನ ಶಕ್ತಿ ತೋರಿಸಲು ಹೋಗಿ ಒಂದು ನೆರಳನ್ನು ಬಿಡುಗಡೆ ಮಾಡುತ್ತಾನೆ. ಅದನ್ನು ತಡೆಯಲು ಹೋದ ಹಿರಿಯ ಗುರು ಜೀವ ಕಳೆದುಕೊಳ್ಳುತ್ತಾರೆ. ಗೆಡ್‌ನ ಮುಖದ ಮೇಲೆ ಗಾಯದ ಗುರುತು ಉಳಿಯುತ್ತದೆ. ಆಮೇಲೆ ಯಾವ ಮಂತ್ರದಿಂದಲೂ ಅದು ಅಳಿಯುವುದಿಲ್ಲ. ಎಲ್ಲವೂ ಸಾಧ್ಯವಿರುವ ಲೋಕದಲ್ಲಿ ಇಂಥ ಕಥೆ ಹುಟ್ಟುವುದೇ ಇಲ್ಲ. ತೆರಬೇಕಾದ ಬೆಲೆ ಇರುವುದರಿಂದಲೇ ಓದುವ ಮಗು ಉಸಿರು ಬಿಗಿಹಿಡಿದು ಪುಟ ತಿರುಗಿಸುತ್ತದೆ.

ತಪ್ಪು ಕಲ್ಪನೆ: ಇವು ಮಕ್ಕಳನ್ನು ವಾಸ್ತವದಿಂದ ದೂರ ಒಯ್ಯುತ್ತವೆ.

ವಾಸ್ತವ: ಸಿ.ಎಸ್. ಲೂಯಿಸ್ ಅವರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ (1950) ಬಟ್ಟೆಯ ಬೀರುವಿನ ಮೂಲಕ ಹಿಮದ ನಾಡಿಗೆ ಹೋಗುವ ನಾಲ್ಕು ಮಕ್ಕಳ ಕಥೆ ಎಂದು ಎಲ್ಲರೂ ಹೇಳುತ್ತಾರೆ. ಆ ಮಕ್ಕಳು ಅಪರಿಚಿತರ ದೊಡ್ಡ ಮನೆಗೆ ಬಂದದ್ದೇಕೆ ಎಂಬುದನ್ನು ಮರೆಯುತ್ತಾರೆ. ಲಂಡನ್ ಮೇಲೆ ಬಾಂಬು ಬೀಳುತ್ತಿದ್ದ ಕಾಲ ಅದು. 1939ರ ಸೆಪ್ಟೆಂಬರ್‌ನಿಂದ ಲಕ್ಷಾಂತರ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರ್ಪಡಿಸಿ ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಲಾಗಿತ್ತು. ಆಕ್ಸ್‌ಫರ್ಡ್ ಹತ್ತಿರದ ಲೂಯಿಸರ ಮನೆಯಲ್ಲೂ ಅಂಥ ಮಕ್ಕಳು ಉಳಿದಿದ್ದರು. ಮನೆ ಬಿಟ್ಟು ಬಂದ ಮಗುವಿನ ಭಯ, ಅಣ್ಣ ತಮ್ಮಂದಿರ ಜಗಳ, ಒಂದು ತಿಂಡಿಯ ಆಸೆಗೆ ತನ್ನವರಿಗೇ ದ್ರೋಹ ಮಾಡುವ ಹುಡುಗನ ನಾಚಿಕೆ, ಇದೆಲ್ಲ ಬೀರುವಿನ ಆಚೆ ಬದಿಯಲ್ಲಿ ಇನ್ನೂ ದೊಡ್ಡದಾಗಿ ಎದುರಾಗುತ್ತದೆ.

ಜೂಲ್ಸ್ ವರ್ನ್ ಅವರ ಕ್ಯಾಪ್ಟನ್ ನೆಮೊ ನಮಗೆ ಇನ್ನೂ ಹತ್ತಿರದವನು. ಸಮುದ್ರದ ತಳದಲ್ಲಿ ಜಲಾಂತರ್ಗಾಮಿ ಓಡಿಸುವ ಈ ನಿಗೂಢ ಮನುಷ್ಯ ಯಾರೆಂಬುದು 1874-75ರ ‘ದಿ ಮಿಸ್ಟೀರಿಯಸ್ ಐಲೆಂಡ್’ನಲ್ಲಿ ತಿಳಿಯುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್. 1857ರ ಬಂಡಾಯದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ತನ್ನವರನ್ನೆಲ್ಲ ಕಳೆದುಕೊಂಡವನು. ಫ್ರಾನ್ಸಿನ ಲೇಖಕರೊಬ್ಬರು ಬರೆದ ಸಾಹಸ ಕಾದಂಬರಿಯ ನಾಯಕ ಗುಲಾಮಗಿರಿಯಿಂದ ನೊಂದ ಭಾರತೀಯ ಎಂದು ತಿಳಿದ ದಿನ ನಮ್ಮ ಹುಡುಗಿ ಇತಿಹಾಸದ ಪಠ್ಯಪುಸ್ತಕವನ್ನು ತಾನಾಗಿಯೇ ತೆಗೆದು 1857ರ ಪಾಠ ಓದಿದಳು. ಯಾರೂ ಹೇಳಿರಲಿಲ್ಲ.

ತಪ್ಪು ಕಲ್ಪನೆ: ಸಾವು, ಹಿಂಸೆ, ರಾಕ್ಷಸರು ಬಂದರೆ ಮಕ್ಕಳು ಹೆದರುತ್ತಾರೆ.

ವಾಸ್ತವ: ಹೆದರುತ್ತಾರೆ, ನಿಜ. ಆ ಹೆದರಿಕೆಯನ್ನು ಹುಡುಕಿಕೊಂಡೇ ಓದುತ್ತಾರೆ. ಪುಸ್ತಕದ ಭಯಕ್ಕೂ ಟಿವಿಯ ಭಯಕ್ಕೂ ವ್ಯತ್ಯಾಸವಿದೆ. ಪುಸ್ತಕದಲ್ಲಿ ಮಗು ತನಗೆ ತಡೆಯುವಷ್ಟನ್ನೇ ಕಲ್ಪಿಸಿಕೊಳ್ಳುತ್ತದೆ, ತಡೆಯದಿದ್ದರೆ ಮುಚ್ಚಿಡುತ್ತದೆ, ಧೈರ್ಯ ಬಂದಾಗ ಮತ್ತೆ ತೆರೆಯುತ್ತದೆ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1973ರಲ್ಲಿ ಬರೆದ ‘ದಿ ಬ್ರದರ್ಸ್ ಲಯನ್‌ಹಾರ್ಟ್’ನಲ್ಲಿ ಅಣ್ಣ ತಮ್ಮ ಇಬ್ಬರೂ ಆರಂಭದಲ್ಲೇ ಸಾಯುತ್ತಾರೆ. ಕಥೆ ನಡೆಯುವುದು ಸಾವಿನ ಆಚೆಯ ನಾಡಿನಲ್ಲಿ. ಮಕ್ಕಳಿಗೆ ಇದು ತಕ್ಕದ್ದೇ ಎಂದು ವಿಮರ್ಶಕರು ಕಳವಳಪಟ್ಟರು. ಮಕ್ಕಳು ಲೇಖಕಿಗೆ ಬರೆದ ಪತ್ರಗಳಲ್ಲಿದ್ದ ಪ್ರಶ್ನೆಯೇ ಬೇರೆ: ಆಮೇಲೆ ಏನಾಯಿತು?

ನಮ್ಮ ಮನೆಗಳಲ್ಲಿ ಮಕ್ಕಳ ಎದುರಿಗೆ ಸಾವಿನ ಮಾತು ಬಂದರೆ ದೊಡ್ಡವರು ದನಿ ತಗ್ಗಿಸುತ್ತಾರೆ. ಅಜ್ಜ ತೀರಿಕೊಂಡಾಗ ಮಗುವನ್ನು ಪಕ್ಕದ ಮನೆಗೆ ಕಳಿಸುತ್ತಾರೆ. ಆ ಮಗುವಿನ ಪ್ರಶ್ನೆಗಳು ಪಕ್ಕದ ಮನೆಗೆ ಹೋದ ಮಾತ್ರಕ್ಕೆ ನಿಲ್ಲುವುದಿಲ್ಲ. ಅದರ ಜೊತೆ ಕೂತು ಸಾವಿನ ಬಗ್ಗೆ ನೇರವಾಗಿ ಮಾತಾಡುವ ಧೈರ್ಯ ಇಂಥ ಒಂದು ಕಾದಂಬರಿಗೆ ಇದ್ದರೆ ಅದನ್ನು ಕೈಯಿಂದ ಕಿತ್ತುಕೊಳ್ಳಬಾರದು.

ತಪ್ಪು ಕಲ್ಪನೆ: ಮಕ್ಕಳ ಪುಸ್ತಕ ಎಂದಮೇಲೆ ಕೊನೆಯಲ್ಲಿ ನೀತಿ ಇರಲೇಬೇಕು.

ವಾಸ್ತವ: ಕೊನೆಯ ಪುಟದಲ್ಲಿ ಅಜ್ಜನೋ ಋಷಿಯೋ ಬಂದು ಬುದ್ಧಿ ಹೇಳಲು ಶುರು ಮಾಡಿದರೆ ಮಕ್ಕಳು ಆ ಪ್ಯಾರಾವನ್ನು ಹಾರಿಸುತ್ತಾರೆ. ನಮ್ಮ ಹುಡುಗಿ ಅದಕ್ಕೆ ‘ಪ್ರಶ್ನೋತ್ತರದ ಪುಟ’ ಎನ್ನುತ್ತಾಳೆ. ‘ಟ್ರೆಷರ್ ಐಲೆಂಡ್’ನ ಲಾಂಗ್ ಜಾನ್ ಸಿಲ್ವರ್ ಕಳ್ಳ, ಕೊಲೆಗಾರ, ಮಾತುಗಾರ, ಧೈರ್ಯವಂತ, ಕಥೆಯ ಹುಡುಗ ಜಿಮ್‌ನ ಮೇಲೆ ಅವನಿಗೆ ಅಕ್ಕರೆಯೂ ಉಂಟು. ಅವನು ಒಳ್ಳೆಯವನೋ ಕೆಟ್ಟವನೋ ಎಂದು ಅವಳು ತನ್ನ ಗೆಳತಿಯ ಜೊತೆ ಇಡೀ ಬೇಸಿಗೆ ರಜೆ ಜಗಳವಾಡಿದ್ದಾಳೆ. ಸ್ಟೀವನ್‌ಸನ್ ಕೊನೆಯಲ್ಲಿ ತೀರ್ಪು ಬರೆದಿದ್ದರೆ ಆ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲ.

ತಪ್ಪು ಕಲ್ಪನೆ: ಸಾಹಸ ಹುಡುಗರಿಗೆ, ರಾಜಕುಮಾರಿಯ ಕಥೆ ಹುಡುಗಿಯರಿಗೆ.

ವಾಸ್ತವ: ಈ ಗೋಡೆ ಕಟ್ಟಿದವರು ಬಹುಮಟ್ಟಿಗೆ ಮಾರುವವರು. ಟ್ರೆಷರ್ ಐಲೆಂಡ್‌ನಲ್ಲಿ ಜಿಮ್‌ನ ತಾಯಿಯನ್ನು ಬಿಟ್ಟರೆ ಹೆಂಗಸರ ಪಾತ್ರವೇ ಇಲ್ಲವೆನ್ನಬಹುದು. ಅದು ಲಾಯ್ಡ್‌ನ ಅಪ್ಪಣೆ ಎಂದು ಸ್ಟೀವನ್‌ಸನ್ ಪತ್ರದಲ್ಲಿ ಬರೆದಿದ್ದಾರೆ. ನೂರು ವರ್ಷ ಕಳೆದ ಮೇಲೂ, ಹೆಂಗಸು ಬರೆದದ್ದೆಂದರೆ ಹುಡುಗರು ಓದಲಿಕ್ಕಿಲ್ಲವೆಂದು ಅಂಜಿದ ಪ್ರಕಾಶಕರು ಹ್ಯಾರಿ ಪಾಟರ್ ಬರೆದ ಜೋನ್ ರೌಲಿಂಗ್ ಅವರ ಹೆಸರನ್ನು ಬರೀ ಮೊದಲಕ್ಷರಗಳಲ್ಲಿ ಅಚ್ಚು ಹಾಕಿಸಿದರು. ಹುಡುಗರು ಲೇಖಕಿಯೆಂದು ತಿಳಿದ ಮೇಲೂ ಓದಿದರು. ಕಥಾನಾಯಕಿಯರನ್ನೇ ನೋಡಿ: 1865ರ ಆಲಿಸ್, 1900ರ ಡೊರೊತಿ, ಲಿಂಡ್‌ಗ್ರೆನ್ ಬರೆದ ದರೋಡೆಕೋರನ ಮಗಳು ರೋನ್ಯಾ (1981), ಫಿಲಿಪ್ ಪುಲ್‌ಮನ್ ಅವರ ಲೈರಾ (1995), ಇವರೆಲ್ಲ ಯಾರ ಕೈ ಹಿಡಿದೂ ನಡೆದವರಲ್ಲ. ನನ್ನ ಅಕ್ಕನ ಮಗಳಿಗೆ ಜಿಮ್ ಹಾಕಿನ್ಸ್ ಆಗಲು ಯಾವ ಅಡ್ಡಿಯೂ ಕಂಡಿಲ್ಲ. ಲೈರಾ ಆಗಲು ಅವಳ ತರಗತಿಯ ಹುಡುಗರಿಗೂ ಕಾಣಬಾರದು. ಅದಕ್ಕೆ ಆ ಪುಸ್ತಕ ಅವರ ಕೈಗೆ ಹೋಗಬೇಕು.

ತಪ್ಪು ಕಲ್ಪನೆ: ಓದಿದ ಪುಸ್ತಕವನ್ನೇ ಮತ್ತೆ ಮತ್ತೆ ಓದುವುದು ವ್ಯರ್ಥ.

ವಾಸ್ತವ: ಮೊದಲ ಸಲ ಓದುವುದು ಮುಂದೇನಾಗುತ್ತದೆ ಎಂದು ತಿಳಿಯಲು. ಎರಡನೇ ಸಲ, ಅದು ಹೇಗಾಯಿತು ಎಂದು ತಿಳಿಯಲು. ಲೇಖಕರು ಮೂರನೇ ಅಧ್ಯಾಯದಲ್ಲಿ ಬಿಟ್ಟ ಸುಳಿವು ಇಪ್ಪತ್ತನೆಯದರಲ್ಲಿ ಹೇಗೆ ಕೆಲಸಕ್ಕೆ ಬಂತು ಎಂದು ಹುಡುಕುವ ಮಗು ಸಾಹಿತ್ಯ ವಿಮರ್ಶೆಯನ್ನೇ ಮಾಡುತ್ತಿದೆ.

ತಪ್ಪು ಕಲ್ಪನೆ: ಇದೆಲ್ಲ ವಿದೇಶಿ ಸರಕು, ನಮ್ಮಲ್ಲಿ ಇಂಥದ್ದು ಇಲ್ಲ, ಬೇಕಾಗಿಯೂ ಇಲ್ಲ.

ವಾಸ್ತವ: ಇಲ್ಲ ಎನ್ನುವುದು ಸುಳ್ಳು. ನಮ್ಮ ಹಿಂದಿನ ತಲೆಮಾರು ಬೆಳೆದದ್ದೇ ‘ಚಂದಮಾಮ’ದ ಮೇಲೆ. ಬೇತಾಳದ ಕಥೆಗಳನ್ನು ಎಲ್ಲರೂ ನೆನೆಯುತ್ತಾರೆ. ಅದರಲ್ಲಿ ತಿಂಗಳು ತಿಂಗಳು ಬರುತ್ತಿದ್ದ, ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದ ಮಾಂತ್ರಿಕರ, ದ್ವೀಪಗಳ, ವಿಚಿತ್ರ ಪ್ರಾಣಿಗಳ ಧಾರಾವಾಹಿಗಳು ಪೂರ್ಣಪ್ರಮಾಣದ ಸಾಹಸ ಕಾದಂಬರಿಗಳೇ ಆಗಿದ್ದವು. ಬಂಗಾಳದ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು 1937ರಲ್ಲಿ ‘ಚಾಂದೇರ್ ಪಹಾಡ್’ ಬರೆದರು. ಬಂಗಾಳದ ಹಳ್ಳಿಯ ಹುಡುಗ ಆಫ್ರಿಕಾಕ್ಕೆ ಹೋಗಿ ರೈಲ್ವೆ ಕೆಲಸಕ್ಕೆ ಸೇರಿ ವಜ್ರದ ಬೆನ್ನು ಹತ್ತುವ ಕಥೆ. ಲೇಖಕರು ಆಫ್ರಿಕಾವನ್ನು ಕಂಡವರಲ್ಲ. ಪುಸ್ತಕಗಳನ್ನು, ನಕಾಶೆಗಳನ್ನು ಓದಿ ಓದಿಯೇ ಆ ನೆಲವನ್ನು ಕಟ್ಟಿಕೊಂಡರು.

ಕನ್ನಡಕ್ಕೆ ಬಂದರೆ, ರಾಬರ್ಟ್ ಬ್ರೌನಿಂಗ್ ಅವರ ಕೊಳಲುಗಾರನನ್ನು ಕುವೆಂಪು ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿಯಾಗಿ ಮಾಡಿದರು. ಇವನು ಹೊರಗಿನವನೆಂದು ಇವತ್ತು ಯಾವ ಮಗುವಿಗೂ ಅನ್ನಿಸುವುದಿಲ್ಲ. ಪೂರ್ಣಚಂದ್ರ ತೇಜಸ್ವಿ ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’, ಅದರಲ್ಲೂ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’, ಮಕ್ಕಳಿಗೆಂದೇ ಬರೆದದ್ದಲ್ಲ. ಮಕ್ಕಳು ಅದನ್ನು ತಮ್ಮದು ಮಾಡಿಕೊಂಡರು. ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ ಅದೇ ಗೌರವ ಸಂದಿತು. ಹಳ್ಳಿಯ ಮಕ್ಕಳು ಓದುವುದಿಲ್ಲ ಎನ್ನುವ ಮಾತೂ ನಿಲ್ಲುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಡಲಾಯಿತು. ಅಲ್ಲಿಗೆ ಬರುವ ಮಕ್ಕಳು ಪುಸ್ತಕಗಳನ್ನು ಕೇಳಿಯೇ ಕೇಳುತ್ತಾರೆ.

ಬೇಕಾಗಿಲ್ಲ ಎನ್ನುವುದು ಇನ್ನೂ ದೊಡ್ಡ ಸುಳ್ಳು. ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕಗಳು ಕನ್ನಡದಲ್ಲಿ ಈಗ ಚೆನ್ನಾಗಿ ಬರುತ್ತಿವೆ, ದೊಡ್ಡವರಿಗೆ ಕಾದಂಬರಿಗಳಿಗೆ ಬರವಿಲ್ಲ. ನಡುವಿನ ನಾಲ್ಕೈದು ವರ್ಷ, ಓದುವ ಹಸಿವು ಅತಿ ಹೆಚ್ಚಿರುವ ವಯಸ್ಸು, ಅದಕ್ಕೆ ಇನ್ನೂರು ಮುನ್ನೂರು ಪುಟದ, ಒಂದು ಲೋಕವನ್ನೇ ಕಟ್ಟಿಕೊಡುವ ಕನ್ನಡದ ಕಾದಂಬರಿಗಳು ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ಆ ವಯಸ್ಸಿನಲ್ಲಿ ಇಂಗ್ಲಿಷಿಗೆ ಹೋದ ಓದುಗರು ಆಮೇಲೆ ಕನ್ನಡಕ್ಕೆ ಮರಳುವುದು ಅಪರೂಪ. ಮಕ್ಕಳ ಪುಸ್ತಕವೆಂದರೆ ಅರವತ್ತು ಪುಟ ಸಾಕು ಎಂಬ ಪ್ರಕಾಶಕರ ಲೆಕ್ಕಾಚಾರ ಬದಲಾಗಬೇಕು. ಹಿರಿಯ ಕಾದಂಬರಿಕಾರರು, ತಮ್ಮ ಕಸುಬು ಪಳಗಿದ ಕಾಲದಲ್ಲಿ, ಒಂದಾದರೂ ಇಂಥ ಪುಸ್ತಕಕ್ಕೆ ಕೈಹಾಕಬೇಕು.

ಕಥೆಗೆ ನೆಲ ಹುಡುಕಲು ದೂರ ಹೋಗಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಏರಿದಾಗ ಗುಡ್ಡಗಳು ದ್ವೀಪಗಳಾದವು, ಊರುಗಳು, ಗದ್ದೆಗಳು, ದಾರಿಗಳು ತಳಕ್ಕೆ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ. ನನ್ನ ಅಕ್ಕನ ಮಗಳು ಅದನ್ನು ಕಣ್ಣಾರೆ ಕಂಡು ಬಂದು ನೋಟ್‌ಬುಕ್ಕಿನ ಎರಡು ಹಾಳೆ ಸೇರಿಸಿ ಒಂದು ನಕಾಶೆ ಬರೆದಿದ್ದಾಳೆ. ದ್ವೀಪಗಳಿಗೆ ಹೆಸರಿದೆ, ಲಾಂಚ್ ಹೋಗುವ ದಾರಿಗೆ ಚುಕ್ಕಿಗೆರೆ ಇದೆ, ಮುಳುಗಿದ ಊರುಗಳಿಗೆ ನೀಲಿ ಪೆನ್ಸಿಲ್. ಯಾರಾದರೂ ಇದರ ಮೇಲೆ ಕಾದಂಬರಿ ಬರೆಯಲಿ, ಕಡಿಮೆಯೆಂದರೆ ಇನ್ನೂರು ಪುಟ ಇರಲಿ, ಎರಡನೇ ಭಾಗವೂ ಬರಲಿ ಎಂಬುದು ಅವಳ ಬೇಡಿಕೆ. ಯಾವ ತಿಂಗಳಲ್ಲಿ ನೀರು ಎಷ್ಟಿರುತ್ತದೆ ಎಂದು ಬರೆಯುವವರು ಮೊದಲು ಊರವರನ್ನು ಕೇಳಿ ತಿಳಿದುಕೊಳ್ಳಬೇಕು, ಮಳೆಗಾಲದಲ್ಲಿ ಅಣೆಕಟ್ಟು ಕಾಣಿಸಿದರೆ ತಾನು ಒಪ್ಪುವುದಿಲ್ಲ ಎಂದು ಈಗಲೇ ಹೇಳಿಟ್ಟಿದ್ದಾಳೆ.